ಆಲ್ಕೊಳದ ವಿದೂಷಕ

ಶಿವಮೊಗ್ಗದಿಂದ ಮಲವಗೊಪ್ಪ ದಾಟಿ ಭದ್ರಾವತಿ ಕಡೆಗೆ ಹೋಗುವಾಗ, ನಾಲೆಯ ಏರಿಗೆ ಒತ್ತಿಕೊಂಡಂತೆ ಆಗ ಒಂದು ಸಣ್ಣ ಕೇರಿಯಿತ್ತು. ಕಬ್ಬು ಕಡಿಯುವವರು, ಗದ್ದೆ ನಾಟಿ ಮಾಡುವವರು, ಹೊಲದಲ್ಲಿ ಕೆಲಸವಿಲ್ಲದಾಗ ಭದ್ರಾವತಿಗೆ ಹೋಗಿ ಲಾರಿಗೆ ಲೋಡು ಹಾಕುವವರು ಅಲ್ಲಿದ್ದರು. ಕೆಲವು ಮನೆಗಳಿಗೆ ಹೆಂಚು, ಉಳಿದವಕ್ಕೆ ಸೋಗೆ. ಭೀಮೇಶ ಹುಟ್ಟಿದ್ದು ಅಲ್ಲಿಯೇ, ಜಯಾಳನ್ನು ಮದುವೆಯಾಗಿ ತಂದದ್ದೂ ಅಲ್ಲಿಗೇ.

ಭೀಮೇಶನ ಬಾಯಲ್ಲಿ ಏನಿತ್ತೋ, ಅವನು ಮಾತಾಡಿದರೆ ಜನ ನಗುತ್ತಿದ್ದರು. ನಗಿಸಬೇಕೆಂದೇ ಅವನು ಮಾತಾಡುತ್ತಿದ್ದನೆಂದಲ್ಲ. ಅಪ್ಪ ಸತ್ತಾಗ ಚಟ್ಟ ಹೊತ್ತವರಲ್ಲಿ ಒಬ್ಬನ ಕಾಲು ಜಾರಿತು. "ನಿಧಾನ್ಕೆ ಹೋಗ್ರೋ, ಅಪ್ಪಂಗೆ ಬಸ್ಸಲ್ಲೇ ವಾಂತಿ ಬರ್ತಿತ್ತು" ಎಂದ, ಅಳುತ್ತಲೇ. ಹೊತ್ತವರೆಲ್ಲ ನಕ್ಕುಬಿಟ್ಟರು. ಅವ್ವ ಮಾಸ್ತಮ್ಮ ಹೆಣದ ಮುಂದೆಯೇ ಅವನ ಕೆನ್ನೆಗೆ ಬಾರಿಸಿದಳು. ಬಾರಿಸಿದ ಮೇಲೆ ಅವಳಿಗೂ ನಗು ತಡೆಯದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಪ್ರತಿ ಬೇಸಿಗೆ, ಕಬ್ಬು ಕಡಿದು ಮುಗಿದ ಮೇಲೆ, ಕೇರಿಯವರು ನಾಟಕ ಆಡುತ್ತಿದ್ದರು. ಹಾರ್ಮೋನಿಯಂ ಬಾರಿಸಿ ಕಲಿಸುತ್ತಿದ್ದವನು ಕೃಷ್ಣಪ್ಪ ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಅವನಿಗೆ ಬರುತ್ತಿದ್ದ ಒಂದೇ ಹಾಸ್ಯ ನಾಟಕ ರಾಜ ವಿಕಟಸೇನನದು. ಆ ರಾಜ ಸೀನಿದರೆ ಆಸ್ಥಾನದವರೆಲ್ಲ ಸೀನಬೇಕು. ಸೀನು ಬಾರದವರು ಮೂಗಿಗೆ ನಶ್ಯ ಏರಿಸಿಕೊಂಡು ಕಾಯುತ್ತಾರೆ. ಬೇಟೆಗೆಂದು ರಾಜ ಕುರುಬರ ಹುಲ್ಲುಗಾವಲನ್ನು ಕಿತ್ತುಕೊಳ್ಳುತ್ತಾನೆ. ಕಾಡಿನ ಜನ ಸೊಪ್ಪು ತಿಂದರೂ ಹಾಡಿಕೊಂಡಿರುತ್ತಾರೆ, ಅರಮನೆಯವರು ಹೋಳಿಗೆ ತಿಂದೂ ಒಬ್ಬರನ್ನೊಬ್ಬರು ಕಚ್ಚಾಡುತ್ತಾರೆ. ಕೊನೆಗೆ ವಿದೂಷಕ ಮೊಣಕಾಲೂರಿ ಹುಲ್ಲುಗಾವಲು ಬೇಡುತ್ತಾನೆ. ಅವನು ಬೇಡುವ ಚೆಂದಕ್ಕೆ ರಾಜ ನಕ್ಕೂ ನಕ್ಕೂ ಅಳುತ್ತಾನೆ, ನಾಚಿಕೆಪಟ್ಟು ಎಲ್ಲವನ್ನೂ ಹಿಂದಕ್ಕೆ ಕೊಡುತ್ತಾನೆ. ವಿದೂಷಕನ ಪಾರ್ಟು ಭೀಮೇಶನದು. ಹರಿಗೆಯಿಂದೆಲ್ಲ ಜನ ಸೈಕಲ್ಲಿನಲ್ಲಿ ಅವನನ್ನು ನೋಡಲು ಬರುತ್ತಿದ್ದರು.

ಎರಡು ಸಾವಿರದ ಎರಡನೆಯ ಇಸವಿಯ ಚಳಿಗಾಲದಲ್ಲಿ ಸರಪಳಿ ಹಿಡಿದುಕೊಂಡು ಅಳೆಯುವವರು ಬಂದರು. ಮನೆಗಳ ಹಿಂದೆ, ಮುಂದೆ, ಜಯಾ ಪಾತ್ರೆ ತೊಳೆಯುವ ಕಲ್ಲಿನ ಪಕ್ಕದಲ್ಲಿಯೂ ಕೆಂಪು ಬಣ್ಣ ಬಳಿದ ಕಲ್ಲು ನೆಟ್ಟರು. ಲೇಔಟ್ ಆಗುತ್ತದಂತೆ.

ಆ ಜಾಗ ಒಂದು ದೊಡ್ಡ ಮನೆತನದ್ದು. ಹಿಂದಿನ ಯಜಮಾನರು ತಮ್ಮ ಗದ್ದೆಯ ಆಳುಗಳು ಹತ್ತಿರದಲ್ಲೇ ಇರಲಿ ಎಂದು ಬಾಯಿ ಮಾತಿನಲ್ಲಿ ಬಿಟ್ಟುಕೊಟ್ಟಿದ್ದರು. ಅವರಿಗೆ ಇಬ್ಬರು ಮಕ್ಕಳು. ಹಿರಿಯವನು ಶಿವಯೋಗಪ್ಪ, ಕಿರಿಯವನು ಪ್ರಸನ್ನಕುಮಾರ್. ಅಪ್ಪ ತೀರಿಕೊಂಡ ಮೇಲೆ ತಮ್ಮನು ಶಿವಮೊಗ್ಗದ ವ್ಯವಹಾರವನ್ನೆಲ್ಲ ಕೈಗೆ ತೆಗೆದುಕೊಂಡು ಆಲ್ಕೊಳದಲ್ಲಿ ದೊಡ್ಡ ಮನೆ ಕಟ್ಟಿಸಿದ. ಅಣ್ಣನಿಗೆ ಅಲ್ಲಿ ಕುರ್ಚಿಯಿಲ್ಲದಂತಾಯಿತು. ಶಿವಯೋಗಪ್ಪ ಬೇಸರಪಟ್ಟು, ನಾಲೆಯ ಆಚೆ ತನ್ನ ಪಾಲಿಗೆ ಬಂದ ಹೊಲದ ಮನೆಗೆ ಬಂದು ಕೂತಿದ್ದರು.

ಕೇರಿಯವರು ಮೊದಲು ಹೋದದ್ದು ಅವರ ಹತ್ತಿರ. ಶಿವಯೋಗಪ್ಪ ಎಲ್ಲರಿಗೂ ಮಜ್ಜಿಗೆ ಕೊಡಿಸಿದರು.

"ಅಪ್ಪ ಮಾತು ಕೊಟ್ಟಿದ್ದು ನಿಜ. ನನ್ನ ಕೈಲಿದ್ದಿದ್ರೆ ನಿಮ್ಮನ್ನ ಯಾರೂ ಮುಟ್ಟಂಗಿರ್ಲಿಲ್ಲ. ಆದ್ರೆ ಆ ತುಂಡು ತಮ್ಮನ ಪಾಲಿಗೆ ಹೋಗಿದೆ. ಅವನ ಮನೆ ಮೆಟ್ಲು ನಾನೇ ಹತ್ತಲ್ಲ."

"ಗೌಡ್ರೆ, ನಮಗೋಸ್ಕರ ಒಂದ್ಸಲ ಹತ್ತಿ" ಎಂದಳು ಮಾಸ್ತಮ್ಮ.

ಶಿವಯೋಗಪ್ಪ ನಾಲೆಯ ನೀರನ್ನು ನೋಡುತ್ತ ಕೂತರು. "ನಂಗೆ ಆ ಗಾಳೀನೇ ಬೇಡ ಅಂತ ಇಲ್ಲಿಗೆ ಬಂದಿದ್ದೀನಿ ಮಾಸ್ತಮ್ಮ" ಎಂದರು.

ಹಾಗಾಗಿ ಕೇರಿಯ ಗಂಡಸರು ತಾವೇ ಆಲ್ಕೊಳಕ್ಕೆ ಹೋದರು. ಸರ್ಕಲ್ಲಿನಿಂದ ಒಳಕ್ಕೆ ಹೊಕ್ಕರೆ ಆ ಮನೆ ಎಲ್ಲರಿಗೂ ಗೊತ್ತು. ಕಾಂಪೌಂಡಿನ ತುಂಬ ಜನ. ವರ್ಗಾವಣೆ ಬೇಕಾದವರು, ಟೆಂಡರ್ ಬೇಕಾದವರು, ಏನೂ ಬೇಡದೆ ಮುಖ ತೋರಿಸಿ ಹೋಗಲು ಬಂದವರು. ಪ್ರಸನ್ನಕುಮಾರ್ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ನೋಡಲು ಲಕ್ಷಣವಾಗಿದ್ದ, ದನಿಯೂ ಮೃದು. ಅವನು "ಏನು ಸೆಕೆ ಮಾರಾಯ" ಎಂದಾಗ, ಆ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ನಿಂತಿದ್ದವನೊಬ್ಬ ಕತ್ತು ಒರೆಸಿಕೊಂಡ. ಭೀಮೇಶ ಕೃಷ್ಣಪ್ಪನ ಪಕ್ಕೆ ತಿವಿದ. "ಮೇಷ್ಟ್ರೆ, ನಶ್ಯ ತಂದಿದ್ದೀರಾ?"

ಕೃಷ್ಣಪ್ಪ ನಗಲಿಲ್ಲ.

ಹೊತ್ತು ನೆತ್ತಿಗೆ ಬಂದ ಮೇಲೆ ಅವರ ಸರದಿ ಬಂತು. ಪ್ರಸನ್ನಕುಮಾರನ ಕೆಲಸಕಾರ್ಯಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ನರಸಿಂಹಮೂರ್ತಿ ಎಂಬಾತ ಕಿವಿಯಲ್ಲಿ ವಿಷಯ ಹೇಳಿದ. ಪ್ರಸನ್ನಕುಮಾರ್ ತಲೆಯಾಡಿಸಿ, "ಆಯ್ತು, ನೋಡೋಣ" ಎಂದ. ಎಲ್ಲರೂ ಕೈಮುಗಿದು ಹಿಂದೆ ತಿರುಗಿದರು. ಭೀಮೇಶನಿಗೆ ಮನೆಯ ಹಿಂದಿನ ಕೆಂಪು ಕಲ್ಲು ಕಣ್ಣಿಗೆ ಕಟ್ಟಿತು. ಬಾಯಿ ತಾನಾಗಿ ಆಡಿತು.

"ಅಣ್ಣಾರೆ, ನೋಡೋದಾದ್ರೆ ಬೇಗ್ನೆ ನೋಡಿ. ತಡ ಆದ್ರೆ ನೋಡಕ್ಕೆ ನಾವಿರಲ್ಲ, ಬರೀ ಸೈಟಿರ್ತವೆ."

ನರಸಿಂಹಮೂರ್ತಿ ಕಣ್ಣು ಮುಚ್ಚಿಕೊಂಡ. ಆಮೇಲೆ ಪ್ರಸನ್ನಕುಮಾರ್ ನಕ್ಕ. ಅವನು ನಕ್ಕದ್ದೇ ತಡ ಜಗಲಿ ನಕ್ಕಿತು, ಅಂಗಳ ನಕ್ಕಿತು, ಗೇಟಿನಲ್ಲಿದ್ದ ಡ್ರೈವರ್‌ಗಳು ಏನೆಂದು ಕೇಳಿಸದಿದ್ದರೂ ನಕ್ಕರು.

"ಯಾರೋ ನೀನು?"

"ನಾಟಕದಲ್ಲಿ ಪಾರ್ಟು ಮಾಡ್ತೀನಿ ಅಣ್ಣಾರೆ. ಉಳಿದ ದಿನ ಕಬ್ಬು ಕಡೀತೀನಿ."

ಪ್ರಸನ್ನಕುಮಾರ್ ನಾಟಕದ ವಿಚಾರವನ್ನೆಲ್ಲ ಕೇಳಿ ತಿಳಿದುಕೊಂಡ. ಮುಂದಿನ ತಿಂಗಳು ಅವನ ಹುಟ್ಟುಹಬ್ಬವಿತ್ತು. "ಪ್ರತಿ ಸಲ ಆರ್ಕೆಸ್ಟ್ರಾ ಕೇಳಿ ಸಾಕಾಗಿದೆ. ನೀವೇ ಬಂದು ಆಡಿ. ನಿಮ್ಮ ಜಾಗದ ವಿಷಯ ಆಮೇಲೆ ಮಾತಾಡೋಣ" ಎಂದ.

ಕೇರಿಯಲ್ಲಿ ಅಂದಿನಿಂದ ಬೇರೆ ಮಾತಿಲ್ಲ. ಕೃಷ್ಣಪ್ಪ ಸೀನುವ ಭಾಗವನ್ನು ತೆಗೆದುಬಿಡೋಣ ಎಂದ. ಹುಲ್ಲುಗಾವಲು ಕಿತ್ತುಕೊಳ್ಳುವುದು ಮಂತ್ರಿಯ ತಪ್ಪು, ರಾಜನಿಗೆ ಗೊತ್ತೇ ಇರಲಿಲ್ಲ ಎಂದು ಮಾಡೋಣ ಎಂದ. "ನಾವು ಹೋಗ್ತಿರೋದು ಬೇಡಕ್ಕೆ. ಬೈಯಕ್ಕಲ್ಲ."

ಮಾಸ್ತಮ್ಮ ಒಲೆ ಊದುತ್ತಿದ್ದವಳು ಎದ್ದು ಬಂದಳು. "ಅದೆಲ್ಲ ತೆಗೆದ್ರೆ ಏನುಳೀತದೆ ಮೇಷ್ಟ್ರೆ? ರಾಜ ಬಂದ, ರಾಜ ಕೂತ, ರಾಜ ಹೋದ. ಹಂಗಾದ್ರೆ ಆರ್ಕೆಸ್ಟ್ರಾನೇ ವಾಸಿ."

ಭೀಮೇಶನೂ ಅವ್ವನ ಮಾತಿಗೇ ನಿಂತ. ಧೈರ್ಯದಿಂದಲ್ಲ. ಹೇಗೂ ಮನೆ ಹೋಗುತ್ತದೆ ಎಂಬ ಭಯ ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ನಾಟಕದಲ್ಲಿ ರಾಜ ಹುಲ್ಲುಗಾವಲು ಹಿಂದಕ್ಕೆ ಕೊಡುವುದನ್ನು ಕಣ್ಣಾರೆ ಕಂಡರೆ ಪ್ರಸನ್ನಕುಮಾರನ ಮನಸ್ಸೂ ಕರಗಬಹುದು ಎಂಬ ಒಂದೇ ಒಂದು ಎಳೆಗೆ ಅವನು ಜೋತುಬಿದ್ದಿದ್ದ.

ಆಲ್ಕೊಳದ ಮನೆಯ ಮುಂದೆಯೇ ಶಾಮಿಯಾನ ಹಾಕಿದ್ದರು. ಭೀಮೇಶ ಅಂದು ಆಡಿದಂತೆ ಹಿಂದೆಂದೂ ಆಡಿರಲಿಲ್ಲ. ರಾಜ ಸೀನಿದಾಗ, ನಶ್ಯ ಸಾಲದೆ ಪಕ್ಕದವನ ಮೂಗಿಗೆ ಮೂಗು ತಾಗಿಸಿದ. ಮುಂದಿನ ಸಾಲಿನಲ್ಲಿ ಪ್ರಸನ್ನಕುಮಾರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನ ಹಿಂದಿನ ಸಾಲುಗಳವರು ಮೊದಲು ಅವನ ಬೆನ್ನು ನೋಡಿ, ಅದು ಅಲುಗಿದ ಮೇಲೆ ನಗುತ್ತಿದ್ದರು. ಕೊನೆಯ ದೃಶ್ಯದಲ್ಲಿ ಭೀಮೇಶ ಮೊಣಕಾಲೂರಿದ. ಕುರಿಯಂತೆ ಅರಚಿ, ಹುಲ್ಲಿನಂತೆ ಬಾಗಿ, ಹುಲ್ಲುಗಾವಲು ಬೇಡಿದ. ರಾಜನ ಪಾರ್ಟಿನವನು ಕಣ್ಣೊರೆಸಿಕೊಂಡು "ಕೊಟ್ಟೆ!" ಎಂದ.

ಆಗ ಪ್ರಸನ್ನಕುಮಾರ್ ಎದ್ದು ವೇದಿಕೆ ಹತ್ತಿ ಮೈಕು ತೆಗೆದುಕೊಂಡ.

"ರಾಜ ಕೊಟ್ಟ. ನಾನೇನು ಕಮ್ಮಿನಾ? ಈ ನಮ್ಮ ಜನರ ಮನೆಗಳನ್ನ ಯಾರೂ ಮುಟ್ಟಲ್ಲ. ಇದು ನನ್ನ ಮಾತು."

ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದ ಜಯಾ ಅತ್ತಳು. ಕೃಷ್ಣಪ್ಪ ಹಾರ್ಮೋನಿಯಂ ಮೇಲೆ ತಲೆಯಿಟ್ಟುಬಿಟ್ಟ. ಮಾಸ್ತಮ್ಮ ಮಾತ್ರ, "ಮೈಕಲ್ಲಿ ಹೇಳಿದ್ದು ಗಾಳಿಗೆ ಹೋಗ್ತದೆ. ಆ ಕಲ್ಲು ಕೀಳಿಸ್ಲಿ, ಆಮೇಲೆ ನಂಬ್ತೀನಿ" ಎಂದಳು. ಯಾರೂ ಅವಳ ಮಾತಿಗೆ ಕಿವಿಗೊಡಲಿಲ್ಲ.

ಹೊರಡುವಾಗ ನರಸಿಂಹಮೂರ್ತಿ ಭೀಮೇಶನ ಭುಜ ಹಿಡಿದ. "ಅಣ್ಣ ನಿನ್ನನ್ನ ಇಲ್ಲೇ ಇರು ಅಂತಿದ್ದಾರೆ. ಜೊತೇಲಿ ಓಡಾಡ್ಕೊಂಡಿರೋದು, ಅಷ್ಟೇ ಕೆಲಸ."

ಕೇರಿಯಲ್ಲಿ ಎಲ್ಲರೂ ಹೋಗು ಎಂದರು. ಒಳಗೆ ನಮ್ಮವನೊಬ್ಬ ಇದ್ದರೆ ಮಾತು ನೆನಪಿಸುತ್ತಿರಬಹುದು ಎಂದ ಕೃಷ್ಣಪ್ಪ. ಜಯಾ ಮಾತ್ರ ಬಟ್ಟೆ ಮಡಚಿ ಕೊಡುತ್ತ, "ನಗ್ಸೋದೂ ಒಂದು ಕೆಲ್ಸಾನಾ ಮಾರಾಯ? ಬೆವರೇ ಬರ್ದಿರೋ ಕೆಲ್ಸ ಎಷ್ಟು ದಿನ ಇಟ್ಕೊಂತಾರೆ?" ಎಂದಳು.

ಭೀಮೇಶ ಹೋದ. ಬಿಳಿ ಅಂಗಿ, ಬಿಳಿ ಪ್ಯಾಂಟು ಹೊಲಿಸಿಕೊಟ್ಟರು. ಕಾರಿನ ಹಿಂದಿನ ಸೀಟಿನಲ್ಲಿ ಮೂಲೆ. ಬೆಳಿಗ್ಗೆ ದರ್ಬಾರು, ಮಧ್ಯಾಹ್ನ ಯಾರದೋ ಮನೆಯಲ್ಲಿ ಊಟ, ಸಂಜೆ ಸೈಟು ನೋಡುವುದು. ಪ್ರಸನ್ನಕುಮಾರನಿಗೆ ಬೇಸರವಾದಾಗ "ಏನೋ ಭೀಮೇಶ" ಎನ್ನುತ್ತಿದ್ದ. ಅಷ್ಟಕ್ಕೆ ಭೀಮೇಶ ಏನಾದರೂ ಹೇಳಬೇಕು. ಮೊದಮೊದಲು ಅದು ಸುಲಭವಾಗಿತ್ತು. ಬರುಬರುತ್ತ, ರಾತ್ರಿ ಮಲಗಿದರೆ ನಾಳೆಗೆ ಏನು ಹೇಳಲಿ ಎಂಬ ಚಿಂತೆ ಹತ್ತಿತು. ಕಬ್ಬು ಕಡಿಯುವಾಗ ಹಾಗೆ ಎಂದೂ ಆಗಿರಲಿಲ್ಲ.

ಆ ಮನೆಯಲ್ಲಿ ಎಲ್ಲರೂ ಹೆದರಿದ್ದರು. ಡ್ರೈವರಿಗೆ ನರಸಿಂಹಮೂರ್ತಿಯ ಹೆದರಿಕೆ, ನರಸಿಂಹಮೂರ್ತಿಗೆ ಪ್ರಸನ್ನಕುಮಾರನ ಷಡ್ಡಕನ ಹೆದರಿಕೆ, ಷಡ್ಡಕನಿಗೆ ತನ್ನ ಕುರ್ಚಿ ಎಲ್ಲಿ ದೂರ ಸರಿಯುತ್ತದೋ ಎಂಬ ಹೆದರಿಕೆ. ಭೀಮೇಶನನ್ನು ಕಂಡರೂ ಅವರಿಗೆ ಹೊಟ್ಟೆಯುರಿ. ಒಬ್ಬ ಅವನ ಚಪ್ಪಲಿಯನ್ನು ಬಾವಿಗೆ ಎಸೆದ. ಇನ್ನೊಬ್ಬ, ಭೀಮೇಶ ಹೊರಗೆ ಪ್ರಸನ್ನಕುಮಾರನನ್ನು ಅಣಕಿಸುತ್ತಾನೆಂದು ಚಾಡಿ ಹೇಳಿದ. ಭೀಮೇಶನ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನೇ ಅವನು.

ಮಾತು ನೆನಪಿಸಲು ಭೀಮೇಶ ಸಮಯ ಕಾಯುತ್ತಿದ್ದ. ಕಾರಿನಲ್ಲಿ ಒಮ್ಮೆ, "ಅಣ್ಣಾರೆ, ಆ ಕಲ್ಲು ಇನ್ನೂ ಕಿತ್ತಿಲ್ಲ. ನಮ್ಮವ್ವ ಅದರ ಮೇಲೆ ಸೀರೆ ಒಣಗಾಕ್ತಿದ್ದಾಳೆ" ಎಂದ. ಪ್ರಸನ್ನಕುಮಾರ್ ನಕ್ಕು, ಪಕ್ಕದವನಿಗೆ ಅದನ್ನೇ ಮತ್ತೆ ಹೇಳಿದ. ಪಕ್ಕದವನು ನಕ್ಕ. ಮಾತು ಅಲ್ಲಿಗೇ ಮುಗಿಯಿತು. ಇನ್ನೊಮ್ಮೆ ನಗಿಸದೆ, ನೇರವಾಗಿ ಕೇಳಿದ. ಆಗಲೂ ನಕ್ಕರು. ಅವನ ಮುಖವೇ ಹಾಗೆ ಎಂದರು.

ಯುಗಾದಿ ಕಳೆದ ಮೇಲೆ ಭದ್ರಾವತಿ ನ್ಯೂಟೌನಿನಲ್ಲಿ ಒಬ್ಬರ ಮನೆಯಲ್ಲಿ ಊಟವಿತ್ತು. ಬೆಂಗಳೂರಿನಿಂದ ಲೇಔಟಿಗೆ ದುಡ್ಡು ಹಾಕುವವರು ಬಂದಿದ್ದರು. ಎಲೆ ಎತ್ತಿದ ಮೇಲೆ ನಡುಮನೆಯಲ್ಲಿ ಎಲ್ಲರೂ ಒರಗಿ ಕೂತರು. ಪ್ರಸನ್ನಕುಮಾರ್ ಚಿಟಿಕೆ ಹೊಡೆದ.

"ಭೀಮೇಶ, ಆ ಹುಲ್ಲುಗಾವಲು ಕೇಳ್ತೀಯಲ್ಲ, ಅದು ಮಾಡೋ. ಇವ್ರು ನೋಡಿಲ್ಲ."

ಭೀಮೇಶ ನಡುಮನೆಗೆ ಬಂದು ಮೊಣಕಾಲೂರಿದ. ಕುರಿಯಂತೆ ಅರಚಬೇಕಿತ್ತು, ಅರಚಲಿಲ್ಲ. ನಾಟಕದ ಮಾತು ಒಂದೂ ನಾಲಿಗೆಗೆ ಬರಲಿಲ್ಲ.

"ಅಣ್ಣಾರೆ, ನಮ್ಮ ಮನೆ ಕೆಡವ್ಬೇಡಿ. ನಮ್ಮಪ್ಪ ಕಲ್ಲು ಹೊತ್ತು ಕಟ್ಟಿದ್ದು. ನಮ್ಮವ್ವಂಗೆ ವಯಸ್ಸಾಗಿದೆ. ಬೇರೆ ಕಡೆ ಅವ್ಳಿಗೆ ನಿದ್ದೆ ಬರಲ್ಲ. ನಿಮ್ಮ ಕಾಲು ಹಿಡ್ಕೊಂತೀನಿ."

ನಿಜವಾಗಿಯೂ ಕಾಲು ಹಿಡಿದ. ಕಣ್ಣಿನಿಂದ ನೀರು ಸುರಿದು ಪ್ರಸನ್ನಕುಮಾರನ ಪಾದದ ಮೇಲೆ ಬಿತ್ತು. ಬೆಂಗಳೂರಿನವರು ಪ್ರಸನ್ನಕುಮಾರನ ಮುಖ ನೋಡಿದರು. ಪ್ರಸನ್ನಕುಮಾರ್ ತಲೆ ಹಿಂದಕ್ಕೆ ಹಾಕಿ ನಕ್ಕ. "ನೋಡಿದ್ರಾ, ಕಣ್ಣೀರು ಸಮೇತ!" ಎಂದ. ಆಗ ಅವರೂ ನಕ್ಕರು, ಚಪ್ಪಾಳೆ ಹೊಡೆದರು. ಒಬ್ಬರು, "ಎಂಥಾ ಆ್ಯಕ್ಟಿಂಗ್ ರೀ" ಎಂದು ನೋಟು ಕೊಡಲು ಬಂದರು. ಭೀಮೇಶ ಎದ್ದು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ವಾಂತಿ ಮಾಡಿಕೊಂಡ.

ನರಸಿಂಹಮೂರ್ತಿ ಅವನ ಹಿಂದೆಯೇ ಬಂದು ಚೊಂಬಿನಲ್ಲಿ ನೀರು ಕೊಟ್ಟ. ಆಲ್ಕೊಳದ ಮನೆಯಲ್ಲಿ ಒಂದಿಷ್ಟು ಮನುಷ್ಯತ್ವ ಉಳಿದಿದ್ದದ್ದು ಅವನಲ್ಲೇ.

"ಈ ವಾರದಲ್ಲೇ ಕೆಡವ್ತಾರೆ ಭೀಮೇಶ. ನಾಟಕದ ದಿನಾನೇ ತೀರ್ಮಾನ ಆಗಿತ್ತು. ನಾನು ಹೇಳ್ದೆ ಅಂತ ಎಲ್ಲೂ ಅನ್ಬೇಡ."

"ಹಂಗಾದ್ರೆ ಮೈಕಲ್ಲಿ ಯಾಕಂದ್ರು?"

"ಆ ಹೊತ್ತಿಗೆ ಅವ್ರಿಗೂ ಹಂಗನ್ನಿಸಿತ್ತೋ ಏನೋ. ಊಟ ಮಾಡೋ ಹೊತ್ತಿಗೆ ಮರ್ತಿದ್ರು."

ಭೀಮೇಶ ನ್ಯೂಟೌನಿನ ಆ ಮನೆಯಿಂದ ಹಾಗೆಯೇ ಹೊರಬಿದ್ದು ಬಸ್ಸು ಹಿಡಿದು ಕೇರಿಗೆ ಓಡಿದ. ಅಳುತ್ತ ಎಲ್ಲವನ್ನೂ ಹೇಳಿದ. ಆದರೆ ಬಿಳಿ ಬಟ್ಟೆ ಹಾಕಿಕೊಂಡು ಬಂದವನ ಮಾತನ್ನು ಕೇರಿ ಬೇರೆಯೇ ಆಗಿ ಕೇಳಿತು. "ಹೆದರಿಸಿ ಖಾಲಿ ಮಾಡ್ಸಕ್ಕೆ ಕಳ್ಸಿದ್ದಾರೆ ಇವನ್ನ" ಎಂದು ಯಾರೋ ಅಂದರು. ಕೃಷ್ಣಪ್ಪ ಹಾಗಲ್ಲ ಎನ್ನಲಿಲ್ಲ. ಭೀಮೇಶ ಕತ್ತಲಾಗುವ ಮುಂಚೆ ನಾಲೆ ದಾಟಿ ಶಿವಯೋಗಪ್ಪನವರ ಹೊಲದ ಮನೆಗೆ ಹೋದ. ಅವರು ಹಸುವಿನ ಮೈ ಸವರುತ್ತ ಎಲ್ಲವನ್ನೂ ಕೇಳಿಸಿಕೊಂಡು, ತಮ್ಮನನ್ನು "ಪಾಪಿ" ಎಂದರು. ಮತ್ತೆ ಹಸುವಿನ ಕಡೆಗೆ ತಿರುಗಿದರು. ಅಲ್ಲಿಂದ ಮತ್ತೆ ಆಲ್ಕೊಳಕ್ಕೆ ಹೋದ. ಕೊನೆಯ ಸಲ ಕೇಳಿ ನೋಡೋಣ ಎಂದುಕೊಂಡಿದ್ದ. ಕೇಳಲು ಅವನಿಗೆ ಅವಕಾಶವೇ ಸಿಗಲಿಲ್ಲ. ಯಾರೂ "ಏನೋ ಭೀಮೇಶ" ಎನ್ನಲಿಲ್ಲ.

ಕೆಡವುವ ದಿನ ಬೆಳಿಗ್ಗೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡೇ ಹೋದರು. ಎಲ್ಲಿಗೆಂದು ಯಾರೂ ಅವನಿಗೆ ಹೇಳಲಿಲ್ಲ. ನಾಲೆ ಕಾಣಿಸಿದಾಗ ಹಳದಿ ಯಂತ್ರವೂ ಕಾಣಿಸಿತು. ಕೇರಿಯ ಅರ್ಧ ಆಗಲೇ ನೆಲಕ್ಕೆ ಬಿದ್ದಿತ್ತು. ಧೂಳಿನಲ್ಲಿ ಹೆಂಗಸರು ಪಾತ್ರೆ, ಕೋಳಿ, ದೇವರ ಪಟಗಳನ್ನು ರಸ್ತೆಗೆ ಸಾಗಿಸುತ್ತಿದ್ದರು. ಜಯಾ ಕಬ್ಬಿಣದ ಟ್ರಂಕನ್ನು ಒಬ್ಬಳೇ ಎಳೆಯುತ್ತಿದ್ದಳು. ಮಾಸ್ತಮ್ಮ ಮನೆಯ ಹೊಸ್ತಿಲ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿದ್ದಳು.

ಯಂತ್ರದ ಡ್ರೈವರ್ ಭದ್ರಾವತಿಯ ತಮಿಳಿನವನು. ಇಂಜಿನ್ ಆಫ್ ಮಾಡಿ ಇಳಿದುಬಿಟ್ಟ. "ಅಜ್ಜಿ ಏಳದೆ ನಾನು ಮಾಡಲ್ಲ ಸಾರ್. ನಂಗೂ ಅಮ್ಮ ಇದ್ದಾಳೆ."

ಪ್ರಸನ್ನಕುಮಾರ್ ಕಾರಿನ ಗಾಜು ಇಳಿಸಿದ. "ನಿಮ್ಮವ್ವ ಅಲ್ವೇನೋ ಅದು? ಹೋಗಿ ಎಬ್ಸು. ನಿನ್ನ ಮಾತು ಕೇಳ್ತಾರೆ" ಎಂದ, ಅದೇ ಮೃದು ದನಿಯಲ್ಲಿ.

ಭೀಮೇಶ ಇಳಿದ. ಕೇರಿಯವರೆಲ್ಲ ನಿಂತು ನೋಡಿದರು. ಅವನು ಅವ್ವನ ಮುಂದೆ ಹೋಗಿ ನಿಂತ, ಆಮೇಲೆ ಅವಳ ಪಕ್ಕದಲ್ಲಿ ಹೊಸ್ತಿಲ ಮೇಲೆ ತಾನೂ ಕೂತ. ಮಾಸ್ತಮ್ಮ ಅವನತ್ತ ನೋಡಲಿಲ್ಲ. ಆದರೂ ಸ್ವಲ್ಪ ಸರಿದು ಜಾಗ ಕೊಟ್ಟಳು.

ಜೊತೆಗೆ ಬಂದಿದ್ದ ಪ್ರಸನ್ನಕುಮಾರನ ಷಡ್ಡಕನಿಗೆ ತನ್ನ ಪ್ರತಾಪ ತೋರಿಸಬೇಕಿತ್ತು. ತನ್ನ ಜೊತೆ ಬಂದವರಲ್ಲಿ ಒಬ್ಬನನ್ನು ಯಂತ್ರ ಹತ್ತಿಸಿದ. ಅವನಿಗೆ ಅದನ್ನು ಓಡಿಸಲು ಬರುತ್ತಿರಲಿಲ್ಲ. ಇಂಜಿನ್ ಗುಡುಗಿತು. ಕೊಕ್ಕಿನಂಥ ಬಕೆಟ್ಟು ಒಮ್ಮೆ ಮೇಲಕ್ಕೆ ಚಿಮ್ಮಿ, ಓಲಾಡಿ, ಸೂರಿಗೆ ಬಡಿಯಿತು. ಹೆಂಚು ಸುರಿದವು. ಡ್ರೈವರ್ "ಏಯ್, ನಿಲ್ಲಿಸು" ಎಂದು ಕಿರುಚಿಕೊಂಡು ಓಡಿ ಬಂದ. ಗೋಡೆ ತಮ್ಮ ಬೆನ್ನಿನಲ್ಲಿ ಅಲುಗಿದ್ದು ಭೀಮೇಶನಿಗೆ ತಿಳಿಯಿತು.

"ಏಳವ್ವ."

"ನಾನು ಏಳಲ್ಲ."

ಅವನು ಅವಳ ಕಂಕುಳ ಕೆಳಗೆ ಎರಡೂ ಕೈ ಹಾಕಿ ಎತ್ತಿದ. ಅವಳು ಒದ್ದಳು, ಅವನ ಕೈ ಕಚ್ಚಿದಳು. ಅವನು ಇನ್ನೂ ಬಿಗಿಯಾಗಿ ಹಿಡಿದು ಎಳೆದುಕೊಂಡು ಓಡಿದ. ಅವಳು "ಹಾ" ಎಂದು ಒಂದು ಸಲ ಕೂಗಿ ಸುಮ್ಮನಾದಳು. ಅವರು ಅಂಗಳ ದಾಟುವಷ್ಟರಲ್ಲಿ ಹಿಂದೆ ಗೋಡೆ ಬಿತ್ತು.

ಧೂಳು ಇಳಿಯುವ ಮುಂಚೆಯೇ ಕಾರಿನ ಕಡೆಯಿಂದ "ಭೇಷ್ ಭೀಮೇಶ" ಎಂಬ ದನಿ ಕೇಳಿಸಿತು. ಅದು ಎಲ್ಲರ ಕಿವಿಗೂ ಬಿತ್ತು. ಕೃಷ್ಣಪ್ಪ ನೆಲಕ್ಕೆ ಉಗುಳಿದ. ಮಾಸ್ತಮ್ಮ ಪಕ್ಕೆ ಹಿಡಿದುಕೊಂಡು ಎದ್ದು ನಿಂತು ಕೇಳಿದಳು:

"ನನ್ನನ್ನ ಎತ್ತಿ ಬಿಸಾಕಕ್ಕೇನೋ ಅವ್ನು ನಿಂಗೆ ಈ ಬಟ್ಟೆ ಹೊಲಿಸಿದ್ದು?"

ಸ್ವಲ್ಪ ಹೊತ್ತಿಗೆ ಕಾರು ಹೊರಟಿತು. ಭೀಮೇಶ ಅದನ್ನು ಹತ್ತಲಿಲ್ಲ. ಹತ್ತಲಿಲ್ಲವೆಂಬುದನ್ನು ಅದರಲ್ಲಿದ್ದವರು ಯಾರೂ ಗಮನಿಸಲೂ ಇಲ್ಲ.

ಮಧ್ಯಾಹ್ನ ಶಿವಯೋಗಪ್ಪ ನಾಲೆ ದಾಟಿ ಬಂದರು. ಬಿದ್ದ ಮನೆಗಳನ್ನು ನೋಡಿ ಅವರ ಕಣ್ಣೂ ಒದ್ದೆಯಾಯಿತು. "ನಾನು ನನ್ನ ತಮ್ಮನ ಹಂಗಲ್ಲ. ನನ್ನ ಹೊಲದಂಚಿಗೆ ಬಂದು ಟಾರ್ಪಾಲು ಹಾಕ್ಕೊಳ್ಳಿ" ಎಂದರು. ಜನ ಅವರ ಕಾಲಿಗೆ ಬಿದ್ದರು. ಇನ್ನು ಮುಂದೆ ಬೇರೆಯವರ ಕೆಲಸಕ್ಕೆ ಹೋಗಬಾರದು, ತಮ್ಮ ಹೊಲದ ಕೆಲಸವನ್ನೇ ಮಾಡಿಕೊಂಡಿರಬೇಕು ಎಂಬುದನ್ನು ಅವರು ಹೋಗುವಾಗ ಹೇಳಿದರು, ಬೇಲಿ ಮುರಿಯಬೇಡಿ ಎಂದಷ್ಟೇ ಸಹಜವಾಗಿ.

ಟ್ರಂಕು ಎತ್ತಿಕೊಳ್ಳಲು ಹೋದ ಭೀಮೇಶನನ್ನು ಕೃಷ್ಣಪ್ಪ ತಡೆದ. "ನೀನು ಬರೋದು ಬೇಡಪ್ಪ."

ಭೀಮೇಶ ರಸ್ತೆಗುಂಟ ಭದ್ರಾವತಿ ಕಡೆಗೆ ನಡೆಯತೊಡಗಿದ. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಹೆಜ್ಜೆಯ ಸದ್ದಾಯಿತು. ಜಯಾ ಒಂದು ಬಟ್ಟೆಗಂಟು, ಒಂದು ಕೊಡ ಹಿಡಿದುಕೊಂಡು ಬರುತ್ತಿದ್ದಳು.

"ನಿನ್ನ ಮೇಲೆ ಸಿಟ್ಟು ಹೋಗಿ ಬಂದಿದ್ದಲ್ಲ. ಒಬ್ನೇ ಬಿಟ್ರೆ ಸೇತುವೆ ಮೇಲಿಂದ ಹಾರ್ತೀಯ ಅಂತ ಬಂದೆ."

ಅವನು ಅದನ್ನೇ ಯೋಚಿಸುತ್ತಿದ್ದ. ಅವಳ ಕೈಯಿಂದ ಕೊಡ ತೆಗೆದುಕೊಂಡ.

ಭದ್ರಾವತಿಯ ಓಲ್ಡ್‌ಟೌನಿನಲ್ಲಿ ವೀರಮ್ಮ ಎಂಬ ವಿಧವೆಯ ಮನೆಯ ಹಿಂದೆ ಒಂದು ಕೋಣೆ ಸಿಕ್ಕಿತು. ಮಳೆ ಬಂದರೆ ಮೂಲೆ ಸೋರುತ್ತಿತ್ತು. ಭೀಮೇಶ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರಲು ಸೇರಿಕೊಂಡ. ಅಲ್ಲಿ ಅವನ ಜೊತೆಯವರು ಅವನಿಗೆ "ಮೂಗ" ಎಂದು ಹೆಸರಿಟ್ಟರು. ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೇ. ತಾನು ಬಾಯಿ ಬಿಟ್ಟರೆ ಯಾರಾದರೂ ನಕ್ಕುಬಿಡುತ್ತಾರೆ ಎಂದು ಅವನಿಗೆ ಹೆದರಿಕೆಯಾಗುತ್ತಿತ್ತು. ಜಯಾ ಮನೆಗೆಲಸಕ್ಕೆ ಹೋಗುತ್ತಿದ್ದಳು.

ರಜೆ ಸಿಕ್ಕಾಗಲೆಲ್ಲ ಅವನು ಶಿವಯೋಗಪ್ಪನವರ ಹೊಲದ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ. ಮಾಸ್ತಮ್ಮ ಕಂಡರೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಕೇರಿಯವರು ಸೊರಗಿದ್ದರು. ಹಿಂದೆ ಕೂಲಿ ಚೆನ್ನಾಗಿರುವ ಕಡೆ ಹೋಗುತ್ತಿದ್ದವರು ಈಗ ಒಂದೇ ಹೊಲದಲ್ಲಿ, ಒಬ್ಬರ ಕಣ್ಣೆದುರು, ಕೊಟ್ಟಷ್ಟಕ್ಕೆ ದುಡಿಯಬೇಕಿತ್ತು. ಶಿವಯೋಗಪ್ಪ ಯಾರ ಮೇಲೂ ಕೂಗಾಡುತ್ತಿರಲಿಲ್ಲ. ಆದರೆ ಅವರು ಬಂದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಅವರು ಮಳೆ ಬರುವುದಿಲ್ಲ ಎಂದರೆ, ಮೋಡ ತಲೆಯ ಮೇಲಿದ್ದರೂ, ಹೌದೆನ್ನುತ್ತಿದ್ದರು. ಕೃಷ್ಣಪ್ಪನೂ ಹೌದೆನ್ನುವುದನ್ನು ಭೀಮೇಶ ಬೇಲಿಯಾಚೆಯಿಂದ ಕೇಳಿಸಿಕೊಂಡ.

ಶ್ರಾವಣದ ಮಳೆಯಲ್ಲಿ ಒಂದು ದಿನ ಜಯಾ ಅತ್ತೆಯನ್ನು ನೋಡಲು ಹೋದವಳು ಗಾಬರಿಯಿಂದ ಹಿಂದಿರುಗಿದಳು. ಮಾಸ್ತಮ್ಮ ಟಾರ್ಪಾಲಿನ ಕೆಳಗೆ ಮಲಗಿಬಿಟ್ಟಿದ್ದಳು. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಕೈ ಮೇಲೆತ್ತಲು ಬರುತ್ತಿರಲಿಲ್ಲ. ಕೆಲಸಗಳ್ಳಿ ಎಂದು ಅಲ್ಲಿಯ ಮೇಸ್ತ್ರಿ ಬೈಯುತ್ತಿದ್ದನಂತೆ. ಕರೆದರೆ, "ಅವನ ಮನೆಗೆ ನಾನು ಬರಲ್ಲ" ಎಂದಳಂತೆ.

ಭೀಮೇಶ ಗಿರಣಿಯಿಂದ ಹಾಗೆಯೇ ಹೊರಟ. ಈ ಸಲ ಬೇಲಿಯ ಹತ್ತಿರ ನಿಲ್ಲಲಿಲ್ಲ, ದಾಟಿದ. ಕೃಷ್ಣಪ್ಪ ಅಡ್ಡ ಬಂದ. ಭೀಮೇಶನ ಮುಖ ನೋಡಿ, ಪಕ್ಕಕ್ಕೆ ಸರಿದ.

"ಯಾಕೆ ಬಂದೆ?" ಎಂದಳು ಮಾಸ್ತಮ್ಮ.

"ಆಸ್ಪತ್ರೆಗೆ ಹೋಗಣ ಅವ್ವ."

"ಮತ್ತೆ ಎತ್ಕಂಡು ಹೋಗ್ತೀಯಾ?"

"ಇಲ್ಲ. ನೀನಾಗಿ ಎದ್ರೆ ಹೋಗಣ. ಏಳೋವರೆಗೂ ಇಲ್ಲೇ ಇರ್ತೀನಿ."

ಟಾರ್ಪಾಲಿನ ಹೊರಗೆ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತ. ಮಳೆ ಅವನ ಬೆನ್ನಿನ ಮೇಲೆ ಸುರಿಯಿತು. ಜಯಾ ಅತ್ತೆಯ ತಲೆಯ ಹತ್ತಿರ ಕೂತು ಅವಳ ಎದೆ ಸವರುತ್ತಿದ್ದಳು. ಮಾಸ್ತಮ್ಮ ಕೆಮ್ಮಿದಳು, ನರಳಿದಳು, ಬೈದಳು, ಮತ್ತೆ ಕೆಮ್ಮಿದಳು. ಮೇಸ್ತ್ರಿ ಬಂದು ಕೇಳಿದರೂ ಭೀಮೇಶ ಕೂತಲ್ಲಿಂದ ಏಳಲಿಲ್ಲ. ಮಳೆ ಸ್ವಲ್ಪ ಕಡಿಮೆಯಾದಾಗ ಅವಳು ಸೊಸೆಯ ಹೆಗಲು ಹಿಡಿದು ತಾನೇ ಎದ್ದಳು. ಮಗ ಕೈ ಚಾಚಿದರೆ ತಳ್ಳಿದಳು. ರಸ್ತೆಯವರೆಗೂ ಹಾಗೆಯೇ ನಡೆದಳು.

ಭದ್ರಾವತಿಯ ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ಫೋಟೋ ತೆಗೆದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಬೆಳಕಿಗೆ ಹಿಡಿದು ನೋಡಿ, ಪಕ್ಕೆಲುಬು ಯಾವಾಗಲೋ ಮುರಿದು ವಕ್ರವಾಗಿ ಕೂಡಿಕೊಂಡಿದೆ, ಈಗ ಶ್ವಾಸಕೋಶದಲ್ಲಿ ನೀರು ತುಂಬಿದೆ, ಸೇರಿಸಿಕೊಳ್ಳಬೇಕು ಎಂದಳು.

"ಎಲ್ಲಿ ಬಿದ್ರಿ ಅಜ್ಜಿ?"

ಭೀಮೇಶ ನೆಲ ನೋಡಿದ. ತನ್ನ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಬಿದ್ದಿದ್ದಲ್ಲ ಕಣವ್ವ. ಗೋಡೆ ಬೀಳ್ತಿತ್ತು, ಇವ್ನು ಎತ್ತಿದ" ಎಂದಳು ಮಾಸ್ತಮ್ಮ. ಉಸಿರು ಎಳೆದುಕೊಂಡು ಮತ್ತೆ ಹೇಳಿದಳು: "ಅಷ್ಟು ವರ್ಷ ಕಬ್ಬಿನ ಹೊರೆ ಹೊತ್ತವ್ನು. ಅವ್ವನೂ ಹೊರೆ ಥರಾನೇ ಅಂದ್ಕಂಡ. ಬಿಗಿಯಾಗಿ ಕಟ್ಟಿದ್ರೆ ಬಿಚ್ಚಲ್ಲ ಅಂತ."

ಡಾಕ್ಟರಮ್ಮ ತಡೆಯಲಾರದೆ ನಕ್ಕಳು. ಪಕ್ಕದಲ್ಲಿದ್ದ ನರ್ಸೂ ನಕ್ಕಳು. ಜಯಾ ಸೆರಗು ಬಾಯಿಗೆ ಒತ್ತಿಕೊಂಡಳು. ಭೀಮೇಶ ಮಾತ್ರ ಗೋಡೆಗೆ ಮುಖ ಮಾಡಿ ನಿಂತು ಅಳತೊಡಗಿದ. ಕೆಡವಿದ ದಿನದಿಂದ ಒಳಗೇ ಕಟ್ಟಿಕೊಂಡಿದ್ದ ಅಳು, ಸದ್ದು ಮಾಡಿಕೊಂಡೇ ಹೊರಗೆ ಬಂತು. ಬೇರೆ ಮಂಚದವರು ತಲೆಯೆತ್ತಿ ನೋಡಿದರು. ಮಾಸ್ತಮ್ಮ ಸುಮ್ಮನಿರು ಎನ್ನಲಿಲ್ಲ, ಹತ್ತಿರ ಕರೆಯಲೂ ಇಲ್ಲ.

ಅವಳಿಗೆ ಕಿಟಕಿಯ ಪಕ್ಕ ಮಂಚ ಸಿಕ್ಕಿತು. ಉಳಿಯುತ್ತಾಳೋ ಇಲ್ಲವೋ ಎಂದು ಡಾಕ್ಟರಮ್ಮ ಹೇಳಲಿಲ್ಲ, ಬೆಳಿಗ್ಗೆಯವರೆಗೆ ನೋಡಬೇಕು ಎಂದಳಷ್ಟೇ. ನರ್ಸು ಸೂಜಿ ಚುಚ್ಚಿ ಹೋದ ಮೇಲೆ ಮಾಸ್ತಮ್ಮ ಸೊಸೆಯತ್ತ ತಿರುಗಿದಳು.

"ನೀನು ಏನಾದ್ರೂ ತಿಂದ್ಯಾ?"

"ಇಲ್ಲತ್ತೆ."

"ಅವ್ನು?"

"ಅವ್ರೂ ಇಲ್ಲ. ಬೆಳಿಗ್ಗೆಯಿಂದ."

"ಹಂಗಾದ್ರೆ ಅಲ್ಲಿ ಗೋಡೆ ಹಿಡ್ಕಂಡು ಏನು ಮಾಡ್ತಿದ್ದಾನೆ? ಹೋಗಿ ಬನ್ನು ತರಕ್ಕೆ ಹೇಳು. ನಂಗೂ ಒಂದು."

ಭೀಮೇಶ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದ. ಮಳೆ ಮತ್ತೆ ಶುರುವಾಗಿತ್ತು. ಗೇಟಿನ ಎದುರಿಗಿದ್ದ ಟೀ ಅಂಗಡಿಯ ಮುಂದೆ ರೋಗಿಗಳ ಕಡೆಯವರು ತಲೆಗೆ ಟವೆಲ್ಲು ಹಾಕಿಕೊಂಡು ಗುಂಪುಗಟ್ಟಿದ್ದರು. ಅವನೂ ಅವರ ಹಿಂದೆ ನಿಂತುಕೊಂಡ.